ಮೂರು ಊರುಗಳಿಗೆ ಹಂಚಿದ ಜಾಲ

ನನ್ನ ನಾದಿನಿ ಆ ಸಲ ಊರಿಗೆ ಬಂದಾಗ ಟ್ರಂಕಿನಲ್ಲಿ ಬಟ್ಟೆಗಿಂತ ಕಾಗದವೇ ಹೆಚ್ಚಿತ್ತು. ಎರಡೂ ಅಂಚಿಗೆ ಸಾಲಾಗಿ ತೂತುಗಳಿದ್ದ, ಮಡಿಕೆ ಬಿಚ್ಚಿದರೆ ಪಡಸಾಲೆಯಿಂದ ಅಡುಗೆಮನೆಯವರೆಗೂ ಬರುವಂಥ ಪ್ರಿಂಟಿನ ಕಾಗದ. ನಮ್ಮ ಅತ್ತೆಯವರು ಅದರ ತುದಿ ಹಿಡಿದು ಬೆಳಕಿಗೆ ಎತ್ತಿ ನೋಡಿದರು.

"ಬರೇ ಸೊನ್ನಿ, ಒಂದು, ಸೊನ್ನಿ, ಒಂದು ಅದಾವಲ್ಲೇ. ಮಗ್ಗಿ ಮರತೀಯೇನು?"

"ಮಗ್ಗಿ ಅಲ್ಲ ಬೇ ಯವ್ವ. ಯಾವ ಮಷೀನು ಎದ್ದೈತಿ, ಯಾವುದು ಮಲಗೈತಿ ಅಂತ ಅದು."

"ಇಷ್ಟೊಂದು ಮಲಗಿದ್ರ ಕೆಲಸ ಮಾಡೋರು ಯಾರು?"

ಅತ್ತೆ ನಗೆಯಾಡಿದ್ದೇ ಅವಳ ಓದಿನ ವಿಷಯವಾಗಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನನ್ನ ಯಜಮಾನರು ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಪಾಲುದಾರರು. ಅವರ ಒಬ್ಬಳೇ ತಂಗಿ ದೂರದ ಕಾಲೇಜಿನಲ್ಲಿ ಕಂಪ್ಯೂಟರಿನ ಎಂ.ಟೆಕ್. ಓದುತ್ತಿದ್ದಳು. ಪ್ರಬಂಧ ಒಪ್ಪಿಸುವ ಗಡುವನ್ನು ಒಮ್ಮೆ ಮುಂದಕ್ಕೆ ಹಾಕಿಸಿಕೊಂಡಾಗಿತ್ತು. ಇನ್ನೊಮ್ಮೆ ಸಾಧ್ಯವಿಲ್ಲವೆಂದು ಅವಳ ಗೈಡು ಕಡ್ಡಿ ಮುರಿದಂತೆ ಹೇಳಿದ್ದರು. ದಸರೆ ರಜೆ ಮುಗಿದ ಕೂಡಲೇ ಒಪ್ಪಿಸಬೇಕು, ಇಲ್ಲವಾದರೆ ಇಷ್ಟು ವರ್ಷ ಓದಿದ್ದಕ್ಕೆ ಡಿಗ್ರಿಯಿಲ್ಲ.

ನಾನು ಮೊರದಲ್ಲಿ ಅಕ್ಕಿಯ ಹರಳು ಆರಿಸುತ್ತಿದ್ದಾಗ ಅವಳು ಎದುರಿಗೆ ಕೂತು ನನಗೆ ತಿಳಿಯುವಂತೆ ಹೇಳಿದಳು. ಸಾಮಾನ್ಯವಾಗಿ ಕಂಪ್ಯೂಟರುಗಳ ಜಾಲದಲ್ಲಿ ನಡುವೆ ಒಂದು ದೊಡ್ಡ ಯಂತ್ರವಿರುತ್ತದೆ, ಉಳಿದವೆಲ್ಲ ಅದನ್ನೇ ಕೇಳಿ ನಡೆಯುತ್ತವೆ. ಇವಳ ಜಾಲದಲ್ಲಿ ಹಾಗಿಲ್ಲ.

"ನಂದರಾಗ ಯಜಮಾನ ಅನ್ನೋನ ಇಲ್ರಿ ವೈನಿ. ಎಲ್ಲಾ ಸರೀಕರು. ಒಂದಕ್ಕ ಏನರ ಬೇಕಾದ್ರ ತನ್ನ ಬಾಜೂದವರನ್ನ ಕೇಳತೈತಿ. ಅವು ತಮ್ಮ ಬಾಜೂದವರನ್ನ ಕೇಳತಾವ."

ಅತ್ತೆ ಒಲೆಯ ಮುಂದಿನಿಂದಲೇ, "ಯಜಮಾನ ಇಲ್ಲದ ಮನ್ಯಾಗ ಒಲಿ ಹಚ್ಚೋರು ಯಾರು?" ಎಂದರು.

"ಎಲ್ಲಾರೂ ಹಚ್ಚತಾರ ಬೇ."

"ಹಂಗಾರ ಯಾರೂ ಹಚ್ಚಂಗಿಲ್ಲ ತಗಿ."

ನನಗೆ ಕೇಳಬೇಕೆನಿಸಿದ್ದು ಬೇರೆ. "ನಡುವ ಒಂದಿಷ್ಟು ಹೇಳದ ಕೇಳದ ಎದ್ದು ಹೋದ್ರ?"

ಅವಳ ಮುಖ ಅರಳಿತು. "ಅದ ನೋಡ್ರಿ ನನ್ನ ಪ್ರಶ್ನಾ. ಅವು ಎದ್ದು ಹೋಗತಾವ, ಮತ್ತ ಬರತಾವ. ಅಷ್ಟರಾಗ ಜಾಲ ಹರೀತೈತೋ ಉಳೀತೈತೋ?"

ಸಾವಿರಾರು ನಿಜವಾದ ಯಂತ್ರಗಳನ್ನು ತಂದು ಜೋಡಿಸಿ ನೋಡುವುದು ಯಾರಿಂದ ಸಾಧ್ಯ? ಅದಕ್ಕೇ ಒಂದು ಯಂತ್ರದ ಹೊಟ್ಟೆಯೊಳಗೆ ಸಾವಿರಾರು ಸುಳ್ಳು ಯಂತ್ರಗಳನ್ನು ಹುಟ್ಟಿಸಿ, ಅವುಗಳನ್ನು ಏಳಿಸಿ, ಮಲಗಿಸಿ, ಮಾತಾಡಿಸಿ ನೋಡುವ ಒಂದು ಪ್ರೋಗ್ರಾಮು ಬರೆದಿದ್ದಳು. ಆದರೆ ಕಾಲೇಜಿನ ಯಂತ್ರದಲ್ಲಿ ಸಣ್ಣ ಜಾಲವಷ್ಟೇ ಹಿಡಿಯುತ್ತಿತ್ತು. ಅದೂ ಸರದಿಯ ಮೇಲೆ ಸಿಗುವ ಯಂತ್ರ. ಸಣ್ಣ ಜಾಲದಲ್ಲಿ ಯಾರು ಮಲಗಿದರೂ ಸುದ್ದಿ ಹೇಗೋ ಮುಟ್ಟಿಬಿಡುತ್ತದೆ, ಅದರಿಂದ ಏನೂ ತಿಳಿಯದು, ದೊಡ್ಡದನ್ನು ತೋರಿಸು ಎಂದಿದ್ದರು ಗೈಡು.

ಅವಳು ಕಂಡುಕೊಂಡ ಉಪಾಯ ಇದು. ಜಾಲವನ್ನು ಮೂರು ಪಾಲು ಮಾಡುವುದು. ಒಂದು ಪಾಲು ಸಿಂಧನೂರಿನಲ್ಲಿ, ನಮ್ಮ ಗಿರಣಿಯ ಆಫೀಸಿನ ಕಂಪ್ಯೂಟರಿನಲ್ಲಿ. ಒಂದು ಮಸ್ಕಿಯಲ್ಲಿ, ನಮ್ಮ ಮಾವನವರ ಹಳೆಯ ಸ್ನೇಹಿತರಾಗಿದ್ದ ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ. ಇನ್ನೊಂದು ಲಿಂಗಸುಗೂರಿನಲ್ಲಿ, ಯಜಮಾನರಿಗೆ ಹಿಂದೆ ಟೈಪಿಂಗ್ ಕಲಿಸಿದ್ದ ಮುಸಲ್ಮಾನ ಮಾಸ್ತರರ ಇನ್‌ಸ್ಟಿಟ್ಯೂಟಿನಲ್ಲಿ. ಭತ್ತ ಇನ್ನೂ ಹೊಲದಲ್ಲಿತ್ತು, ಹತ್ತಿ ಬಿಡಿಸಿರಲಿಲ್ಲ, ಯಂತ್ರಗಳು ಖಾಲಿ ಇದ್ದವು. ಕರೆಂಟು ಹೋದರೆ ಗಿರಣಿಗೂ ಹತ್ತಿ ಅಂಗಡಿಗೂ ಜನರೇಟರ್ ಇತ್ತು, ಮಾಸ್ತರರ ಹತ್ತಿರ ಬ್ಯಾಟರಿ ಇತ್ತು. ಒಂದು ಪಾಲಿನ ಯಂತ್ರಗಳು ಇನ್ನೊಂದು ಪಾಲಿನವಕ್ಕೆ ಕಳಿಸುವ ಮಾತುಗಳನ್ನು ಫ್ಲಾಪಿಯಲ್ಲಿ ತುಂಬಿ ಬಸ್ಸಿನಲ್ಲಿ ಸಾಗಿಸುವುದು. ಮೂರೂ ಊರು ಒಂದೇ ರಸ್ತೆಯ ಮೇಲಿವೆಯಲ್ಲ. ನಮ್ಮ ಒಂದು ಹಗಲು ಕಳೆದರೆ ಅವಳ ಜಾಲದಲ್ಲಿ ಒಂದು ಗಳಿಗೆ ಕಳೆದಂತೆ.

ಮೊದಲ ಫ್ಲಾಪಿಯನ್ನು ಕಂಡಕ್ಟರನ ಕೈಗೆ ಕೊಟ್ಟೆವು. ಆತ ಜೋಪಾನವಾಗಿರಲಿ ಎಂದು ಡ್ರೈವರನ ಪಕ್ಕದ ಬಾನೆಟ್ಟಿನ ಮೇಲೆ, ದೇವರ ಪಟದ ಕೆಳಗೆ ಇಟ್ಟನಂತೆ. ಮರುದಿನ ಅದನ್ನು ಎರಡು ಬೆರಳಲ್ಲಿ ಹಿಡಿದು ತಂದುಕೊಟ್ಟ. "ಅಕ್ಕಾರ, ಎಂಜಿನ್ ಕಾವಿಗೆ ಇದು ಹಪ್ಪಳ ಆಗೈತ್ರಿ. ಕರಿಯೋದೊಂದು ಬಾಕಿ." ನಾದಿನಿ ನಕ್ಕಳು, ಆದರೆ ಅವಳ ಕಣ್ಣು ಗೋಡೆಯ ಮೇಲಿನ ಕ್ಯಾಲೆಂಡರಿನ ಮೇಲಿತ್ತು.

ಅಂದಿನಿಂದ ಒಯ್ಯುವ ಕೆಲಸ ನನ್ನದಾಯಿತು. ನಾನು ಬಳ್ಳಾರಿಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಕಲಿತ ಇಂಗ್ಲಿಷು ಮದುವೆಯಾದ ಮೇಲೆ ಔಷಧಿ ಬಾಟಲಿಯ ಚೀಟಿ ಓದುವುದಕ್ಕಷ್ಟೇ ಬರುತ್ತಿತ್ತು. ಆದರೆ ದುಂಡಗೆ ಬರೆಯುವುದನ್ನೂ, ಒಪ್ಪಿಸಿದ ವಸ್ತುವನ್ನು ಕೆಳಗಿಡದೆ ಮುಟ್ಟಿಸುವುದನ್ನೂ ಸಿಸ್ಟರ್‌ಗಳು ಕೈಗೆ ಅಂಟಿಸಿ ಕಳಿಸಿದ್ದರು. ಫ್ಲಾಪಿಗಳ ಮೇಲಿನ ಚೀಟಿ ನಾನೇ ಬರೆದೆ. ಅವನ್ನು ಮೆತ್ತನೆಯ ಕುಪ್ಪಸದ ಬಟ್ಟೆಯಲ್ಲಿ ಸುತ್ತಿ, ಸ್ಟೀಲಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಒಳಗೇನು ಬರೆದಿದೆಯೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಹೊರುವಾಗ ಕೈ ಹೆಚ್ಚು ಹೆದರುತ್ತದೆ.

ಬಸ್ಸಿನಲ್ಲಿ ದಿನವೂ ಸಿಗುವ ಮುದಗಲ್ಲಿನ ಬಳೆಗಾರ್ತಿಯೊಬ್ಬಳು ಕೇಳಿಯೇ ಬಿಟ್ಟಳು. "ಏನಕ್ಕಾ, ದಿನಾ ಡಬ್ಬಿ ಹಿಡಕೊಂಡು ಹೊಂಟಿರ್ತಿ. ದವಾಖಾನ್ಯಾಗ ಯಾರರ ಅದಾರೇನು?"

"ಇಲ್ಲವ್ವ. ಮಷೀನಿಗೆ."

"ಮಷೀನಿಗೆ ಊಟಾ?" ಎಂದು ನಕ್ಕು, ನನ್ನ ಡಬ್ಬಿಗೆ ತಾಗದಂತೆ ತನ್ನ ಬಳೆಗಳ ಮಲಾರವನ್ನು ಆಚೆ ಸರಿಸಿಕೊಂಡಳು.

ಸಿಂಧನೂರು ಬಿಟ್ಟು ಒಂದಿಷ್ಟು ದೂರ ಕಿಟಕಿಯಲ್ಲಿ ಕಾಲುವೆಯ ನೀರು, ಭತ್ತದ ಹಸಿರು. ಆಮೇಲೆ ಎರೆ ಹೊಲ, ಕುರಿ ಹಿಂಡು. ಮಸ್ಕಿಯಲ್ಲಿ ಇಳಿದು ಹತ್ತಿ ಅಂಗಡಿಗೆ ಹೋದರೆ ವ್ಯಾಪಾರಿ ಕಾಕಾ ಗಾದಿಯಿಂದ ಎದ್ದು ತಾವೇ ಬಾಗಿಲು ತೆಗೆಯುತ್ತಿದ್ದರು. ಒಳಗಿನ ಕೋಣೆಯಲ್ಲಿ ಕಂಪ್ಯೂಟರಿನ ಗಾಜಿಗೆ ಹತ್ತಿಯ ಎಳೆಗಳು ಹೇಗೋ ಹಾರಿ ಬಂದು ಅಂಟಿಕೊಂಡಿರುತ್ತಿದ್ದವು. ನಾನು ಅವನ್ನು ಸೆರಗಿನಿಂದ ಒರೆಸಿ, ಫ್ಲಾಪಿ ತೂರಿಸಿ, ನಾದಿನಿ ತೋರಿಸಿದ ಕೀಲಿ ಒತ್ತುತ್ತಿದ್ದೆ. ಗರ್ ಎಂದು ಸದ್ದಾಗಿ ಹಸಿರು ದೀಪ ಹತ್ತಿ ಆರಿದರೆ ನನ್ನ ಕೆಲಸ ಮುಗಿದಂತೆ. ಅಲ್ಲಿಂದ ಲಿಂಗಸುಗೂರು, ಮತ್ತೆ ಹಿಂದಕ್ಕೆ.

ಒಂದು ಮಾತನ್ನು ಮಾತ್ರ ನಾದಿನಿ ಕಾಕಾಗೂ ಲಿಂಗಸುಗೂರಿನ ಮಾಸ್ತರರಿಗೂ ಕೈ ಮುಗಿದು ಹೇಳಿದ್ದಳು. ಯಂತ್ರ ಬಂದ್ ಮಾಡಬಾರದು. ಮಸ್ಕಿಯ ಯಂತ್ರದಲ್ಲಂತೂ ಅಂಗಡಿಯ ಹಳೆಯ ಲೆಕ್ಕಗಳೇ ತುಂಬಿ, ಅವಳ ಪಾಲಿನ ಜಾಲವನ್ನು ಬರೆದಿಡಲು ಜಾಗವಿರಲಿಲ್ಲ. ಅದು ಎಚ್ಚರವಿದ್ದಷ್ಟು ಹೊತ್ತು ಮಾತ್ರ ಅದಕ್ಕೆ ನೆನಪು. "ಯಾರಾದ್ರೂ ಮುಟ್ಟಿದ್ರ, ಕರೆಂಟು ಹೋದ್ರ, ಎಲ್ಲಾ ಮೊದಲಿಂದ ಮಾಡಬೇಕಾಗತೈತ್ರಿ ಕಾಕಾ," ಎಂದಿದ್ದಳು. "ನನ್ನ ಮೊಮ್ಮಕ್ಕಳನ್ನ ಆ ಕೋಣಿ ಹೊಸ್ತಿಲಾ ದಾಟಿಸಂಗಿಲ್ಲ, ನೀ ಅಂಜಬ್ಯಾಡ," ಎಂದಿದ್ದರು ಅವರು. ಹಾಗೆಯೇ ನಡೆದುಕೊಂಡರು ಕೂಡ. ಜನರೇಟರಿಗೆ ಡೀಸೆಲ್ ಮುಗಿಯದಂತೆ ಸ್ವತಃ ನೋಡಿಕೊಳ್ಳುತ್ತಿದ್ದರು.

ದಸರೆ ಹತ್ತಿರವಾಗುತ್ತಿದ್ದಾಗ ಒಂದು ಸಂಜೆ ನಾನು ಗಿರಣಿಗೆ ಡಬ್ಬಿ ತಂದುಕೊಟ್ಟು ಹೊರಡುವಷ್ಟರಲ್ಲಿ ನಾದಿನಿ ಕೂಗಿದಳು. ಅವಳ ಬೆರಳು ಪರದೆಯ ಮೇಲಿನ ಅಂಕಿಗಳ ಮೇಲೆ ಓಡುತ್ತಿತ್ತು.

"ಒಡದೈತಿ ವೈನಿ! ಜಾಲ ಒಡದು ನಾಕು ದ್ವೀಪ ಆಗೈತಿ. ಪ್ರತಿ ದ್ವೀಪನೂ ತಾನ ಪೂರಾ ಜಾಲ ಅಂತ ತಿಳಕೊಂಡೈತಿ."

ಒಡೆದದ್ದಕ್ಕೆ ಯಾಕೆ ಇಷ್ಟು ಸಂತೋಷವೋ ನನಗೆ ಅರ್ಥವಾಗಲಿಲ್ಲ. ಅವಳು ಸಮಾಧಾನದಿಂದ ಬಿಡಿಸಿ ಹೇಳಿದಳು. ಸಣ್ಣ ಜಾಲದಲ್ಲಿ ಇದು ಕಾಣುವುದಿಲ್ಲ. ಗೈಡು ಕೇಳಿದ್ದು ಇಂಥದ್ದನ್ನೇ. ಇನ್ನು ತಿಳಿಯಬೇಕಾದದ್ದು ಒಂದೇ. ಮಲಗಿದ ಯಂತ್ರಗಳು ಎದ್ದ ಮೇಲೆ ಆ ದ್ವೀಪಗಳು ತಾವಾಗಿ ಮತ್ತೆ ಕೂಡುತ್ತವೆಯೋ, ಹಾಗೇ ಬೇರೆ ಬೇರೆ ಉಳಿಯುತ್ತವೆಯೋ? ಕೂಡಿದರೂ ಸರಿ, ಕೂಡದಿದ್ದರೂ ಸರಿ, ಗೊತ್ತಾದರೆ ಪ್ರಬಂಧ ಮುಗಿಯಿತು. ಇನ್ನು ಕೆಲವೇ ಸುತ್ತು ಸಾಕು. ಅಂದು ಅವಳು ತಟ್ಟೆ ತುಂಬ ಊಟ ಮಾಡಿದಳು. ಅತ್ತೆ ಮಜ್ಜಿಗೆ ಬಡಿಸುತ್ತ, "ಒಡದ ಮನಿ ಕಂಡು ಕುಣಿಯೋ ಹುಡುಗಿ ನೀ ಒಬ್ಬಾಕಿನ," ಎಂದು ಬೈದರು.

ಮಹಾನವಮಿಯ ಬೆಳಿಗ್ಗೆ ಗಿರಣಿಯಲ್ಲಿ ಖಂಡೇಪೂಜೆ. ತಕ್ಕಡಿ, ಮೋಟಾರು, ಸಲಿಕೆ, ಯಜಮಾನರ ಸ್ಕೂಟರು ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಾಗಿತ್ತು. ಪೂಜೆಗೆ ಕೂತ ಆಯುಧ ಅಂದು ದುಡಿಯಬಾರದು, ಬನ್ನಿ ಮುಡಿಯುವವರೆಗೂ ಅದಕ್ಕೆ ವಿಶ್ರಾಂತಿ. ಅತ್ತೆ ಆರತಿ ತಟ್ಟೆ ಹಿಡಿದು ಆಫೀಸಿನ ಬಾಗಿಲಿಗೆ ಬಂದರು. ನಾದಿನಿ ಅಡ್ಡ ನಿಂತಳು.

"ಇದಕ್ಕ ಬ್ಯಾಡ ಬೇ. ಇದು ನಿಲ್ಲಬಾರದು."

"ವರ್ಷಕ್ಕ ಒಂದಿನ ಎತ್ತಿನ ಹೆಗಲಿಂದ ನೊಗಾನೂ ಇಳಸ್ತೀವಿ. ಇದು ಎತ್ತಿಗಿಂತ ಹೆಚ್ಚಿಂದೇನು?"

"ನನ್ನ ಸಲುವಾಗಿ ಒಂದು ವರ್ಷ ಬಿಡು ಬೇ."

ಯಜಮಾನರು ನಡುವೆ ಬಂದರು. ಕೊನೆಗೆ ಅತ್ತೆ ಹೊಸ್ತಿಲ ಆಚೆಯಿಂದಲೇ ಆರತಿ ಎತ್ತಿ, "ತಿರಗೋ ಬೀಸೋಕಲ್ಲಿಗೆ ಯಾರರ ಕುಂಕುಮ ಹಚ್ಚತಾರೇನು? ಅದಕ್ಕ ತಿಳಿಯಂಗಿಲ್ಲ, ನಿಮಗ ತಿಳೀಬೇಕಲ್ಲ," ಎಂದು ಗೊಣಗುತ್ತ ಹೋದರು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿ ಮೆಲ್ಲಗೆ ನಕ್ಕೆವು. ಗೆದ್ದೆವು ಅನಿಸಿತು. ಮಸ್ಕಿಯಲ್ಲೂ ಅದೇ ನವಮಿ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಗಿರಣಿಯಲ್ಲಿ ಫೋನಿತ್ತು, ಅಂಗಡಿಯಲ್ಲೂ ಇತ್ತು. ಹಬ್ಬದ ದಿನ ಹೆಣ್ಣುಮಗಳು ಮನೆ ಬಿಟ್ಟು ಹೋಗುವುದು ಬೇಡ ಎಂದು ಆ ದಿನ ನನ್ನ ಬಸ್ಸೂ ತಪ್ಪಿತು.

ಮರುದಿನ ಬೆಳಗಿನ ಬಸ್ಸಿಗೆ ಮಸ್ಕಿಯಲ್ಲಿ ಇಳಿದೆ. ಕಾಕಾ ಹೊಸ ಧೋತರ ಉಟ್ಟು ಬಾಗಿಲಲ್ಲೇ ನಿಂತಿದ್ದರು. "ಬಾರವ್ವ ತಂಗಿ, ನಿನ್ನ ದಾರೀನ ಕಾಯಾಕತ್ತಿದ್ದೆ. ನೋಡು ಬಾ ನಿಮ್ಮ ಮಷೀನು ಹೆಂಗ ಕಾಣತೈತಿ."

ಕೋಣೆಯೊಳಗೆ ಊದುಬತ್ತಿಯ ವಾಸನೆ ಇನ್ನೂ ಇತ್ತು. ಕಂಪ್ಯೂಟರಿನ ಗಾಜಿನ ಮೇಲೆ ಮೂರು ಎಳೆ ವಿಭೂತಿ, ನಡುವೆ ಕುಂಕುಮ. ಮೈತುಂಬ ಚೆಂಡುಹೂವಿನ ಮಾಲೆ. ಒಂದು ಎಳೆ ಹತ್ತಿಯೂ ಇಲ್ಲದಂತೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ದೀಪ ಇರಲಿಲ್ಲ. ಸದ್ದೂ ಇರಲಿಲ್ಲ. ಅದರ ಪ್ಲಗ್ಗಿನ ವೈರನ್ನು ಅಚ್ಚುಕಟ್ಟಾಗಿ ಸುತ್ತಿ ಪಕ್ಕಕ್ಕೆ ಇಟ್ಟಿದ್ದು ಮೊದಲು ಕಂಡಿತು ನನಗೆ.

"ಕಾಕಾ, ಇದನ್ನ... ಬಂದ್ ಮಾಡಿದ್ರ್ಯಾ?"

"ಪೂಜಾಕ್ಕವ್ವ! ಗಾದಿಗಿಂತ ಮೊದಲು ಇದಕ್ಕ ಮಾಡಿಸೀನಿ. ಸ್ವಾಮಿಗೋಳು ಕೇಳಿದ್ರು, ಇದ್ಯಾವ ಆಯುಧ ಅಂತ. ನಮ್ಮ ಗೆಳೆಯನ ಮಗಳ ವಿದ್ಯಾದ ಆಯುಧ ರೀ, ಆಕಿ ಪಾಸಾಗಬೇಕು ಅಂತ ಸಂಕಲ್ಪ ಮಾಡ್ರಿ ಅಂದೆ."

ಆದರೂ ಕೇಳಿದೆ. "ಆಕಿ ಬಂದ್ ಮಾಡಬ್ಯಾಡ್ರಿ ಅಂದಿದ್ದಳಲ್ರಿ..."

"ಮಂದಿ ಮುಟ್ಟಿದ್ರ, ಕರೆಂಟು ಹೋದ್ರ ಅಂದಿದ್ಲು. ಅವೆರಡೂ ಆಗಗೊಡಲಿಲ್ಲ ನಾ. ದೇವರ ಪೂಜಾಕ್ಕ ಯಾರು ಬ್ಯಾಡ ಅಂತಾರ? ತಡಿ, ಬನ್ನಿ ಮುಡಿಯೋದು ಸಂಜಿಗೆ ಐತಿ, ಆದ್ರೂ ನೀ ಬಂದೀ, ಈಗ ಚಾಲೂ ಮಾಡೋಣು." ತಾವೇ ಬಗ್ಗಿ ಪ್ಲಗ್ಗು ಹಾಕಿ, ಗುಂಡಿ ಒತ್ತಿದರು. ಪರದೆ ಬೆಳಗಿತು. ವಿಭೂತಿಯ ಹಿಂದೆ ಬಿಳಿ ಅಕ್ಷರಗಳು ಓಡಿ, ಕೊನೆಗೆ ಮೂಲೆಯಲ್ಲಿ ಒಂದು ಸಣ್ಣ ಗೆರೆ ಮಿಟುಕುತ್ತ ನಿಂತಿತು. "ಹಾಂ, ನೋಡು! ಏನೂ ಆಗಿಲ್ಲ."

ಅವರ ಮಟ್ಟಿಗೆ ಯಂತ್ರ ಮೊದಲಿನಂತೆಯೇ ಇತ್ತು. ಅದರೊಳಗಿದ್ದದ್ದು ಹೋಗಿದೆ ಎಂದು ನಾನು ಯಾವ ಮಾತಿನಲ್ಲಿ ಹೇಳಲಿ? ಹೇಳಿದರೂ ತಿಳಿಯುವುದು ಒಂದೇ, ತಮ್ಮ ಪೂಜೆಯಿಂದ ಗೆಳೆಯನ ಮಗಳು ಕೆಟ್ಟಳು ಎಂದು. ಅವರ ಹೆಂಡತಿ ಬಾಳೆ ಎಲೆಯಲ್ಲಿ ಎರಡು ಕರಿಗಡಬು ತಂದಿಟ್ಟರು, ಮೇಲೆ ತುಪ್ಪ ಹಾಕಿದರು. ಗಾದಿಯ ಪಕ್ಕ ಫೋನಿತ್ತು. ಸಿಂಧನೂರಿಗೆ ಹಚ್ಚಲೇ ಎಂದು ಒಮ್ಮೆ ನೋಡಿದೆ. ಹಚ್ಚಿದರೆ ಕಾಕಾರ ಎದುರಿಗೇ ಹೇಳಬೇಕು. ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸದೆ ಕರಿಗಡಬು ತಿಂದೆ. ಇನ್ನೊಂದು ಬಡಿಸಿದರು, ಅದನ್ನೂ ತಿಂದೆ. ಲಿಂಗಸುಗೂರಿಗೆ ಹೋಗಲಿಲ್ಲ. ಹಿಂದಿರುಗುವ ಬಸ್ಸು ಹಿಡಿದೆ.

ಗಿರಣಿಯಲ್ಲಿ ನಾದಿನಿ ನನ್ನನ್ನು ಕಂಡು ಎದ್ದಳು. ಅಷ್ಟು ಬೇಗ ಬಂದದ್ದಕ್ಕೇ ಅವಳಿಗೆ ಅರ್ಧ ತಿಳಿದಿತ್ತು. ಹೇಳಿದೆ. ಅವಳು ಅಳಲಿಲ್ಲ. ಬೆರಳು ಮಡಿಸಿ ದಿನ ಎಣಿಸಿದಳು, ಬಿಟ್ಟಳು, ಮತ್ತೆ ಎಣಿಸಿದಳು. ಮೊದಲಿನಿಂದ ಹೂಡಿದರೆ ಗಡುವಿನ ಒಳಗೆ ಮುಗಿಯದು. ಬನ್ನಿ ಮುಡಿದ ಮೇಲೆ ಹತ್ತಿಯ ವ್ಯಾಪಾರವೂ ಸುರುವಾಗಿ ಆ ಯಂತ್ರ ಅಂಗಡಿಯ ಕೆಲಸಕ್ಕೆ ಬೇಕಾಗುತ್ತದೆ. ಅವಳ ಪಕ್ಕದಲ್ಲಿ ಗಿರಣಿಯ ಯಂತ್ರ ತನ್ನ ಪಾಲಿನದನ್ನೆಲ್ಲ ನೆನಪಿಟ್ಟುಕೊಂಡು ಗುಂಯ್ ಎನ್ನುತ್ತಿತ್ತು. ಪರದೆಯ ಮೇಲೆ, ಮಸ್ಕಿಗಾಗಿ ಕಾಯುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು.

"ಸಾವಿರಗಟ್ಟಲೆ ಮಷೀನು ನನ್ನ ಕೈಯಾರೆ ಮಲಗಿಸೀನಿ ವೈನಿ," ಎಂದಳು. "ಒಂದೊಂದೂ ಯಾವಾಗ ಮಲಗಬೇಕು ಅಂತ ಲೆಕ್ಕಾ ಹಾಕಿ ಮಲಗಿಸೀನಿ. ಈ ಒಂದರ ಲೆಕ್ಕ ಹಾಕಲಿಲ್ಲ ನಾ."

ಅವಳ ತಲೆ ಸವರಲು ಕೈ ಎತ್ತಿದೆ. ಅವಳ ಭುಜದ ಮೇಲೆ ಬಿದ್ದಿದ್ದ ಒಂದು ತೌಡಿನ ಚೂರು ತೆಗೆದು ಕೈ ಇಳಿಸಿದೆ.

ಹಬ್ಬ ಕಳೆದ ಮೇಲೆ ಇಬ್ಬರೂ ಲಿಂಗಸುಗೂರಿಗೆ ಹೋದೆವು. ಮಾಸ್ತರರಿಗೆ ಸಾಕು ಎಂದು ಹೇಳಬೇಕಿತ್ತು. ಅವರ ಇನ್‌ಸ್ಟಿಟ್ಯೂಟಿನಲ್ಲಿ ಇದ್ದದ್ದೇ ಎರಡು ಕಂಪ್ಯೂಟರು, ಉಳಿದವು ಟೈಪ್‌ರೈಟರುಗಳು. ಒಂದನ್ನು ಇವಳಿಗೆ ಬಿಟ್ಟುಕೊಟ್ಟು, ಕಲಿಯುವ ಹುಡುಗಿಯರನ್ನೆಲ್ಲ ಇನ್ನೊಂದರ ಸುತ್ತ ಕೂಡಿಸಿದ್ದರು. ಇವಳ ಯಂತ್ರಕ್ಕೆ ಧೂಳು ಬೀಳದಂತೆ ತೆಳು ಮಲ್ಲಿನ ಬಟ್ಟೆ ಹೊದಿಸಿ, ಅದಕ್ಕೆ ಸೆಕೆಯಾಗದಿರಲಿ ಎಂದು ತಮ್ಮ ಮೇಜಿನ ಫ್ಯಾನನ್ನು ಅದರ ಕಡೆ ತಿರುಗಿಸಿದ್ದರು.

"ಆವೋ ಬೇಟಿ. ಫ್ಲಾಪಿ ಯಾಕ ಬರಲಿಲ್ಲ? ನಾ ಬಸ್ಟ್ಯಾಂಡಿಗೂ ಹೋಗಿ ನೋಡಿ ಬಂದೆ."

ನಾದಿನಿ ತಗ್ಗಿದ ದನಿಯಲ್ಲಿ ಆದದ್ದನ್ನು ಹೇಳಿದಳು. ಮಾಸ್ತರರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು, ಹಾಕಿಕೊಳ್ಳಲಿಲ್ಲ.

"ನಮ್ಮದು ಚಾಲೂ ಐತಿ. ಇದರಾಗಿಂದ ತಗೊಂಡು ಏನರ ಮಾಡಾಕ ಬರಂಗಿಲ್ಲೇನು?"

"ಬರಂಗಿಲ್ರಿ ಚಾಚಾ. ನಡುವಿನ ಮಸ್ಕೀದು ಇಲ್ಲ ಅಂದ್ರ ಈ ಕಡೀದಕ್ಕ ಆ ಕಡೀದು ಏನಂತು ಅಂತ ಗೊತ್ತಾಗಂಗಿಲ್ಲ."

"ಆ ದ್ವೀಪ ಅಂತ ನಿಮ್ಮ ವೈನಿ ಹೇಳಿದ್ರಲ್ಲ, ಅವು ಕೂಡಿದ್ವೇನು?"

"ಗೊತ್ತಾಗಲಿಲ್ರಿ."

ಅವರು ಫ್ಯಾನಿನ ಕಡೆ ನೋಡಿದರು. "ಇನ್ನೊಂದೆರಡು ದಿನ ಇರಲಿ ಬಿಡು. ನನಗೇನು ತೊಂದ್ರಿ ಇಲ್ಲ."

ಆಗ ಅವಳ ಕಣ್ಣಲ್ಲಿ ನೀರು ಬಂತು, ಮೊದಲ ಸಲ. ಮಲ್ಲಿನ ಬಟ್ಟೆ ಸರಿಸಿ, ತಾನೇ ಗುಂಡಿ ಒತ್ತಿದಳು. ಸದ್ದು ಒಮ್ಮೆಗೇ ನಿಲ್ಲಲಿಲ್ಲ, ಇಳಿಯುತ್ತ ಇಳಿಯುತ್ತ ನಿಂತಿತು. ಅಷ್ಟು ಹೊತ್ತೂ ಮಾಸ್ತರರು ಎದ್ದು ನಿಂತಿದ್ದರು. ಆಚೆ ಕೋಣೆಯಲ್ಲಿ ಹುಡುಗಿಯರ ಟೈಪ್‌ರೈಟರುಗಳು ಬಿಡದೆ ಬಡಿದುಕೊಳ್ಳುತ್ತಿದ್ದವು.

ಮರಳುವಾಗ ಬಸ್ಸು ಮಸ್ಕಿಯಲ್ಲಿ ನಿಂತಿತು. ಕಾಕಾ ಯಾರನ್ನೋ ಬೀಳ್ಕೊಡಲು ಬಂದವರು ಕಿಟಕಿಯಲ್ಲಿ ನಮ್ಮನ್ನು ಕಂಡು ಹತ್ತಿರ ಬಂದರು. ಜೇಬಿನಿಂದ ಬನ್ನಿ ಎಲೆ ತೆಗೆದು ಸರಳಿನ ಸಂದಿಯಿಂದ ಇಬ್ಬರಿಗೂ ಕೊಟ್ಟರು.

"ಬಂಗಾರದಂಗ ಇರ್ರಿ. ಏನವ್ವ, ಎಲ್ಲಿ ತನ ಬಂತು ನಿನ್ನ ಕೆಲಸ? ಫ್ಲಾಪಿ ಒಯ್ಯಾಕ ಯಾರೂ ಬರಲಿಲ್ಲ?"

ನಾದಿನಿ ಬನ್ನಿ ಎಲೆಯನ್ನು ಹಣೆಗೆ ಒತ್ತಿಕೊಂಡಳು. "ಊರಿಗೆ ಹೋಗಿ ಬರಿಯೋದು ಐತ್ರಿ ಕಾಕಾ. ನಿಮ್ಮಿಂದ ಭಾಳ ಉಪಕಾರ ಆತು."

"ಉಪಕಾರ ಎಂಥಾದ್ದ ತಗಿ. ನಿಮ್ಮಪ್ಪ ಇದ್ದಿದ್ರ ನೋಡಿ ಹಿಗ್ಗತಿದ್ದ. ನಮ್ಮ ಸ್ವಾಮಿಗೋಳು ಕೈ ಇಟ್ರ ಹುಸಿ ಹೋಗಂಗಿಲ್ಲ, ನೀ ನೋಡಾಕಿ." ಬಸ್ಸು ಹೊರಟಿತು. ಅವರು ಒಂದಿಷ್ಟು ದೂರ ಜೊತೆಗೇ ನಡೆದು ಕೈ ಬೀಸಿದರು. ನಾವೂ ಬೀಸಿದೆವು.

ಅವಳು ಗಡುವಿಗೆ ಸರಿಯಾಗಿ ಸಣ್ಣ ಜಾಲದ ಫಲಿತಾಂಶವನ್ನೂ, ದ್ವೀಪಗಳಾಗಿ ಒಡೆದದ್ದರ ಅರ್ಧ ವಿವರವನ್ನೂ ಹಿಡಿದು ಕಾಲೇಜಿಗೆ ಹೋದಳು. ದೀಪಾವಳಿಗೆ ಮುಂಚೆಯೇ ಮರಳಿ ಬಂದಳು. ನಾನು ಬಾಗಿಲು ತೆಗೆದಾಗ ಟ್ರಂಕನ್ನು ಹೊಸ್ತಿಲ ಒಳಗಿಟ್ಟು ಅದರ ಮೇಲೆಯೇ ಕೂತಳು.

"ಪ್ರಬಂಧ ಅರ್ಧಾ ತಗೊಳ್ಳಂಗಿಲ್ಲ ಅಂದ್ರು ನಮ್ಮ ಗೈಡು, ವೈನಿ. ಕೂಡತಾವೋ ಇಲ್ಲೋ ಅನ್ನೋದು ಗೊತ್ತಿಲ್ಲಂದ್ರ ಏನು ಬರದಂಗಾತು ಅಂದ್ರು. ಅವರು ಹೇಳಿದ್ದೂ ಖರೇನ ಐತಿ."

ಅತ್ತೆ ಒಳಗಿನಿಂದ, "ಯಾರು ಬಂದಾರ? ಹುಡುಗಿ ಬಂತೇನು? ಪಾಸಾತೇನು?" ಎಂದು ಕೂಗಿದರು. ಅವಳು ನನ್ನ ಕಡೆ ನೋಡಿದಳು, ಉತ್ತರ ನಾನೇ ಹೇಳಲಿ ಎನ್ನುವಂತೆ.

"ನೀರು ಕಾಯಿಸ್ತೀನಿ, ಮೊದಲು ಜಳಕಾ ಮಾಡು," ಎಂದೆ. ಬಚ್ಚಲಿಗೆ ಹೋಗಿ ಹಂಡೆಯ ಕೆಳಗೆ ಉರಿ ಹಚ್ಚಲು ಕೂತೆ. ಕಟ್ಟಿಗೆ ಹಸಿ ಇತ್ತು, ಬಹಳ ಹೊತ್ತು ಹೊತ್ತಿಕೊಳ್ಳಲೇ ಇಲ್ಲ.